ಹನ್ನೊಂದು ಕಂಪ್ಯೂಟರಿಗೂ ಒಂದೇ ಔಷಧಿ ಬೇಡ: ಮಂಡ್ಯದ ಶಾಲೆಗಳ ಬಗ್ಗೆ ಒಂದು ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪ ನಿರ್ದೇಶಕರಿಗೆ, ಬಿಇಒಗಳಿಗೆ, ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಬಂಧುಗಳಿಗೆ ನಮಸ್ಕಾರ.

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ವಿಂಡೋಸ್ 98 ಕಾಲದಿಂದ ಸ್ಕ್ರೂಡ್ರೈವರ್ ಹಿಡಿದ ಕೈ. ದೊಡ್ಡ ಓದು ಓದಿದವನಲ್ಲ. ಆದರೆ ಈ ಜಿಲ್ಲೆಯ ಸುಮಾರು ಶಾಲೆಗಳ ಕಂಪ್ಯೂಟರ್ ಹೊಟ್ಟೆ ಬಿಚ್ಚಿ ನೋಡಿದ್ದೇನೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊನ್ನೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಎಸ್‌ಡಿಎಂಸಿ ಅಧ್ಯಕ್ಷರು ಅಂಗಡಿಗೆ ಬಂದರು. ಕಬ್ಬು ಕಡಿಸುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರು. ಕೈಯಲ್ಲಿ ನಾಲ್ಕು ಮಡಿಕೆ ಮಡಿಸಿದ ಒಂದು ಕೊಟೇಶನ್. "ಎಲ್ಲಾವೂ ಹೊಸುವೇ ಬೇಕಂತೆ ಕಣಪ್ಪ. ಹಳೇವು ಇನ್ ನಡೆಯಾಕಿಲ್ವಂತೆ. ಹೌದಾ?" ಅಂದರು. ಬಿಡಿಸಿ ನೋಡಿದೆ. ಹನ್ನೊಂದು ಕಂಪ್ಯೂಟರ್, ನಾಲ್ಕೂ ಮುಕ್ಕಾಲು ಲಕ್ಷ ರೂಪಾಯಿ. ಕಾರಣದ ಜಾಗದಲ್ಲಿ ಒಂದೇ ಸಾಲು: ವಿಂಡೋಸ್ 10 ಬಂದ್ ಆಗಿದೆ.

ಆ ದುಡ್ಡು ಎಲ್ಲಿಂದ ಬರಬೇಕು? ಹಳೇ ವಿದ್ಯಾರ್ಥಿಗಳ ಹತ್ತಿರ ವಸೂಲಿ, ಊರಿನವರ ಹತ್ತಿರ ಚಂದಾ, ಸ್ವಲ್ಪ ಪಂಚಾಯ್ತಿ ಕಡೆಯಿಂದ. ಆ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಇನ್ನೂ ಚಿಲಕ ಇಲ್ಲ. ಅದು ಬೇರೆ ಕತೆ.

"ನಡೆಯಲ್ಲ" ಅನ್ನುವುದು ಸುಳ್ಳು. "ಏನೂ ಆಗಲ್ಲ ಬಿಡಿ" ಅನ್ನುವುದೂ ಸುಳ್ಳೇ. ಮೊದಲು ಆಗಿರುವುದೇನು ಅಂತ ಹೇಳುತ್ತೇನೆ.

ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಪೋರ್ಟ್ ನಿಲ್ಲಿಸಿತು. ಅದರ ಮಾರನೇ ದಿನ ಯಾವ ಕಂಪ್ಯೂಟರೂ ನಿಂತಿಲ್ಲ. ನಿಂತದ್ದು ತೇಪೆ ಹಾಕುವ ಕೆಲಸ. ಪ್ರತಿ ತಿಂಗಳ ಎರಡನೇ ಮಂಗಳವಾರ, ವೈರಸ್ ನುಗ್ಗುವಂಥ ತೂತು ಸಿಕ್ಕರೆ ಅವಕ್ಕೆಲ್ಲ ಮೈಕ್ರೋಸಾಫ್ಟ್ ತೇಪೆ, ಅಂದರೆ ಅಪ್‌ಡೇಟ್, ಬಿಡುತ್ತದೆ. ವಿಂಡೋಸ್ 10ಕ್ಕೆ ಅದು ಇನ್ನು ಪುಕ್ಕಟೆಯಾಗಿ ತಾನೇ ತಾನಾಗಿ ಬರುವುದಿಲ್ಲ. ಹೊಸದಾಗಿ ಸಿಕ್ಕ ತೂತು ತೂತಾಗೇ ಉಳಿಯುತ್ತದೆ.

ತೂತು ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ 2017ರ ವಾನಾಕ್ರೈ ನೆನಪು ಮಾಡಿಕೊಳ್ಳಿ. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದು. ಮೇ ತಿಂಗಳಲ್ಲಿ ಪ್ರಪಂಚದ ತುಂಬಾ ಹರಡಿತು. ಅದಕ್ಕೆ ತೇಪೆ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಂಡವರು ಬಚಾವ್. ಜಾಸ್ತಿ ಪೆಟ್ಟು ತಿಂದದ್ದು ವಿಂಡೋಸ್ 7. ಆಗ ಅದಕ್ಕೆ ಸಪೋರ್ಟ್ ಇನ್ನೂ ಇತ್ತು! ಅಪ್‌ಡೇಟ್ ಬಂದಾಗಲೆಲ್ಲ "ಆಮೇಲೆ" ಅಂತ ಒತ್ತಿದವರ ಕಂಪ್ಯೂಟರ್‌ಗಳು ಅವು. ಹೊಸ ವಿಂಡೋಸ್ ತಂದು ಅಪ್‌ಡೇಟ್ ಆಫ್ ಮಾಡಿಟ್ಟರೂ ಕತೆ ಅಷ್ಟೇ. ನಮ್ಮ ಶಾಲೆಗಳಲ್ಲಿ ಬಹಳ ಕಡೆ ಹಾಗೇ ಇದೆ. ಯಾಕೆಂದರೆ ಇಂಟರ್ನೆಟ್ ಅಂದರೆ ಯಾರಾದರೂ ಮೇಷ್ಟ್ರ ಮೊಬೈಲಿನ ಹಾಟ್‌ಸ್ಪಾಟ್. ಅಪ್‌ಡೇಟ್ ಶುರುವಾದರೆ ಅವರ ಡೇಟಾ ಖಾಲಿ.

ಅಧ್ಯಕ್ಷರಿಗೆ ಕಾಫಿ ತರಿಸಿ, "ಸ್ವಾಮಿ, ನಿಮ್ಮ ಬೋರಿನ ಮೋಟಾರ್ ಸುಟ್ಟರೆ ಏನು ಮಾಡುತ್ತೀರಿ?" ಅಂತ ಕೇಳಿದೆ. "ಬಿಚ್ಚಿ ನೋಡಿಸ್ತೀನಿ. ಕಾಯಿಲ್ ಹೋಗಿದ್ರೆ ಕಟ್ಟಿಸ್ತೀನಿ" ಅಂದರು. "ಹಾಗಾದರೆ ಬನ್ನಿ, ಇವನ್ನೂ ಬಿಚ್ಚಿ ನೋಡೋಣ" ಅಂದೆ.

ಶನಿವಾರ ಬೆಳಗ್ಗೆ ಹೋದೆವು. ಲ್ಯಾಬ್ ಅಂದರೆ ಹಳೇ ಅಕ್ಷರ ದಾಸೋಹದ ಸ್ಟೋರ್ ರೂಮು. ಮೊದಲನೇ ಕ್ಯಾಬಿನೆಟ್ ಬಿಚ್ಚಿದಾಗ ಹೀಟ್‌ಸಿಂಕಿನ ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ, ಫ್ಯಾನಿನ ಮೇಲೆ ಬೆರಳು ದಪ್ಪ ಧೂಳು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಬ್ರಷ್ಷಿನಲ್ಲಿ ಉಜ್ಜಿ, ಬ್ಲೋವರ್ ಹೊಡೆದು, ಹೊಸ ಪೇಸ್ಟ್ ಹಾಕಿ ಆನ್ ಮಾಡಿದರೆ ವಿಂಡೋಸ್ ಬಂತು. ಬ್ರೌಸರ್ ತೆಗೆದರೆ ಯಾವ ವೆಬ್‌ಸೈಟೂ ತೆರೆಯಲಿಲ್ಲ. "ಇದೇ ಸರ್ ಪ್ರಾಬ್ಲಂ, ವಿಂಡೋಸ್ ಹಳೇದಾಯ್ತು ಅಂದ್ರು" ಅಂತ ಶಾಲೆಯ ಮೇಡಂ ಹೇಳಿದರು. ನಾನು ಪರದೆಯ ಬಲಮೂಲೆ ನೋಡಿದೆ. ತಾರೀಖು ಎಷ್ಟೋ ವರ್ಷ ಹಿಂದಿನದು. ಮದರ್‌ಬೋರ್ಡಿನ ಮೇಲಿರುವ ಬಟನ್ ಸೆಲ್ ಸತ್ತಿತ್ತು. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಯಾವ ಸೈಟಿನ ಸರ್ಟಿಫಿಕೇಟನ್ನೂ ನಂಬುವುದಿಲ್ಲ, ಬಾಗಿಲು ಹಾಕಿಬಿಡುತ್ತದೆ. ಸೆಲ್ಲಿಗೆ ನಲವತ್ತು ರೂಪಾಯಿ. ಆ ಒಂದು ಯಂತ್ರಕ್ಕೆ ಕೊಟೇಶನ್ನಿನಲ್ಲಿದ್ದದ್ದು ನಲವತ್ಮೂರು ಸಾವಿರ.

ಆಮೇಲೆ ನಿಜವಾದ ಪರೀಕ್ಷೆ. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ಕ್ಕೆ. ಅದು ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಆನ್ ಆಗುವಾಗಲೇ ನಂಬಿಕೆಯಿಲ್ಲದ ಪ್ರೋಗ್ರಾಂ ತಡೆಯುವ ಸೆಕ್ಯೂರ್ ಬೂಟ್, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು. ಜೊತೆಗೆ ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಮೇಲಕ್ಕೆ. ಈ ಗೆರೆ ಎಷ್ಟು ವಿಚಿತ್ರ ನೋಡಿ. ಇಂಟೆಲಿನ 7ನೇ ತಲೆಮಾರಿನ ಪ್ರೊಸೆಸರ್ ಐ3-7100 ಬಂದದ್ದು 2017ರ ಜನವರಿಯಲ್ಲಿ, 8ನೇ ತಲೆಮಾರಿನ ಐ3-8100 ಬಂದದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಮೊದಲನೆಯದು ಫೇಲ್, ಎರಡನೆಯದು ಪಾಸ್. ಪಕ್ಕಪಕ್ಕದಲ್ಲಿ ಇಟ್ಟರೆ ಡಬ್ಬ ಒಂದೇ ತರ ಇರುತ್ತದೆ.

ಆ ಲ್ಯಾಬಿನಲ್ಲಿ ನಾಲ್ಕು ಐ3-8100 ಇದ್ದವು. ಪಾಸಾಗಬೇಕು, ಅಲ್ವಾ? ವಿಂಡೋಸ್ 11 ಏರುತ್ತದಾ ಅಂತ ನೋಡುವ ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಹಾಕಿದರೆ ನಾಲ್ಕಕ್ಕೂ "ಆಗಲ್ಲ" ಅಂತ ಬಂತು. ಕೊಟೇಶನ್ ಬರೆದವರು ಇಲ್ಲೇ ನಿಲ್ಲಿಸಿದ್ದರು ಅಂತ ಕಾಣುತ್ತದೆ. ಬಯಾಸ್ ಒಳಗೆ, ಅಂದರೆ ವಿಂಡೋಸಿಗೂ ಮೊದಲು ಶುರುವಾಗುವ ಬೋರ್ಡಿನ ಸೆಟ್ಟಿಂಗಿಗೆ, ಹೋಗಿ ನೋಡಿದರೆ ಟಿಪಿಎಂ ಆಫ್ ಆಗಿತ್ತು. ಇಂಟೆಲ್ ಬೋರ್ಡಿನಲ್ಲಿ ಅದಕ್ಕೆ ಪಿಟಿಟಿ ಅಂತ ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. ಹೆಸರು ಬೇರೆ ಇರುವುದರಿಂದ ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ತೊಡಕು: ಆಗ ಯಾರೋ ವಿಂಡೋಸ್ ಹಾಕುವಾಗ ಹಳೇ ಲೆಗಸಿ ಪದ್ಧತಿಯಲ್ಲಿ ಹಾಕಿದ್ದರು. ಹಾಗಿದ್ದರೆ ಸೆಕ್ಯೂರ್ ಬೂಟ್ ಕೆಲಸ ಮಾಡುವುದಿಲ್ಲ. ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ವಿಂಡೋಸ್ ಒಳಗೇ ಇರುವ ಎಂಬಿಆರ್‌ಟುಜಿಪಿಟಿ ಅನ್ನುವ ಸಾಧನದಿಂದ ಡಿಸ್ಕನ್ನು ಹೊಸ ಪದ್ಧತಿಗೆ ತಿರುಗಿಸಿ, ಬಯಾಸಿನಲ್ಲಿ ಲೆಗಸಿ ಬದಲು ಹೊಸ ಪದ್ಧತಿ ಯುಇಎಫ್‌ಐ ಮಾಡಿದೆ. ನಾಲ್ಕೂ ಪಾಸ್. ಒಂದು ರೂಪಾಯಿ ಖರ್ಚಿಲ್ಲ.

ಉಳಿದ ಏಳರಲ್ಲಿ ಮೂರು ಐ3-7100, ಎರಡು ಇನ್ನೂ ಹಳೇವು. ಇವು ಐದೂ ಗೆರೆಯಿಂದ ಆಚೆ. ಇನ್ನುಳಿದ ಎರಡರ ಬೋರ್ಡೇ ಸುಟ್ಟಿತ್ತು. ಅವನ್ನು ಬಿಡಿಭಾಗಕ್ಕೆ ಇಟ್ಟುಕೊಂಡೆವು.

ಗೆರೆಯಿಂದ ಆಚೆ ಇರುವ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದು. ನನ್ನ ಅಂಗಡಿಯ ಸ್ವಂತ ಕಂಪ್ಯೂಟರಿಗೆ ಹಾಗೇ ಹಾಕಿದ್ದೇನೆ, ನಡೆಯುತ್ತಿದೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ಭದ್ರತೆಗೆ ಅಂತ ಅಪ್‌ಗ್ರೇಡ್ ಮಾಡಿ ಕೊನೆಗೆ ಅದೇ ಸಿಗದಿದ್ದರೆ ಏನು ಬಂತು? ನನ್ನದು ಕೆಟ್ಟರೆ ನಾನೇ ರಾತ್ರಿ ಕೂತು ಸರಿ ಮಾಡಿಕೊಳ್ಳುತ್ತೇನೆ. ಶಾಲೆಯದು ಕೆಟ್ಟರೆ ಮುಂದಿನ ಬೇಸಿಗೆ ರಜದವರೆಗೆ ಅದರ ಮೇಲೆ ಬಟ್ಟೆ ಹೊದಿಸಿಡುತ್ತಾರೆ. ಅದಕ್ಕೇ ಶಾಲೆಗೆ ಅಡ್ಡದಾರಿ ಬೇಡ ಅನ್ನುತ್ತೇನೆ.

ಕ್ರ್ಯಾಕ್ ವಿಂಡೋಸ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ನಾನೂ ಹಾಕಿಕೊಟ್ಟಿದ್ದೇನೆ, ಮುಚ್ಚಿಡುವುದಿಲ್ಲ. ಅದನ್ನು ಆಕ್ಟಿವೇಟ್ ಮಾಡಲು ಮೊದಲು ಆಂಟಿವೈರಸ್ ಆಫ್ ಮಾಡಬೇಕು. ಅಲ್ಲಿಗೇ ಗೊತ್ತಾಗಬೇಕಿತ್ತು.

ಈಗ ಮುಖ್ಯ ವಿಷಯ. ಶಾಲೆಯ ಎಲ್ಲ ಕಂಪ್ಯೂಟರೂ ಒಂದೇ ಅಲ್ಲ. ಮುಖ್ಯ ಶಿಕ್ಷಕರ ಕೊಠಡಿಯಲ್ಲಿರುವ ಒಂದು ಯಂತ್ರದಲ್ಲೇ ಮಕ್ಕಳ ಆಧಾರ್ ನಂಬರ್, ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್ ಲಾಗಿನ್, ಶಾಲೆಯ ವಿವರ ತುಂಬುವ ಯುಡೈಸ್ ಮಾಹಿತಿ, ಬ್ಯಾಂಕಿನ ವ್ಯವಹಾರ ಎಲ್ಲ ಇರುತ್ತದೆ. ಕಳ್ಳನಿಗೆ ಬೇಕಾದದ್ದು ಅದು. ಲ್ಯಾಬಿನಲ್ಲಿ ಮಕ್ಕಳು ಚಿತ್ರ ಬರೆಯುತ್ತಾರೆ, ಟೈಪ್ ಕಲಿಯುತ್ತಾರೆ. ಅಲ್ಲಿ ಕದಿಯೋದಕ್ಕೆ ಏನಿದೆ? ಆದರೆ ಆ ಶಾಲೆಯಲ್ಲಿ ಆಫೀಸಿನಲ್ಲಿದ್ದದ್ದೂ ಒಂದು ಐ3-7100, ಪಾಸಾದ ನಾಲ್ಕು ಇದ್ದದ್ದು ಲ್ಯಾಬಿನಲ್ಲಿ. ನಾವು ಮಾಡಿದ ಮೊದಲ ಕೆಲಸ ಅದಲುಬದಲು. ಲ್ಯಾಬಿನ ಒಂದು ಒಳ್ಳೇ ಯಂತ್ರ ಆಫೀಸಿಗೆ, ಆಫೀಸಿನದು ಡಿಸ್ಕ್ ಪೂರ್ತಿ ಅಳಿಸಿ ಲ್ಯಾಬಿಗೆ. ಇಷ್ಟಕ್ಕೆ ಯಾವ ಟೆಂಡರೂ ಬೇಕಾಗಿಲ್ಲ.

ಆಫೀಸ್ ಯಂತ್ರವನ್ನು ವಿಂಡೋಸ್ 11ಕ್ಕೆ ಏರಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಹುಷಾರು. ಕೈ ಸುಟ್ಟುಕೊಂಡವನು ನಾನೇ. ಒಬ್ಬ ಹೆಚ್‌ಎಂ ಮೇಡಂ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕುವಾಗ ಅದು ಮೈಕ್ರೋಸಾಫ್ಟ್ ಖಾತೆ ಕೇಳಿತು. ಅವಸರದಲ್ಲಿ ನನ್ನದೇ ಒಂದು ಹಳೇ ಇಮೇಲ್ ಕೊಟ್ಟೆ. ಕೆಲಸ ಮುಗಿಯಿತು, ಮರೆತೆ. ವಿಂಡೋಸ್ ಸದ್ದಿಲ್ಲದೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿ, ಕೀಲಿಯನ್ನು ಆ ಖಾತೆಯಲ್ಲಿ ಇಟ್ಟಿತ್ತು. ಕೆಲವು ತಿಂಗಳಾದ ಮೇಲೆ ಬಯಾಸ್ ಅಪ್‌ಡೇಟ್ ಆಯಿತು. ಬೆಳಗ್ಗೆ ಮೇಡಂ ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೊಡಿ ಅಂತ. ಆವತ್ತು ಎಸ್‌ಎಸ್‌ಎಲ್‌ಸಿ ಮಕ್ಕಳ ಮಾಹಿತಿ ಕಳಿಸುವ ಕೊನೇ ದಿನಕ್ಕೆ ಮೂರು ದಿನ ಬಾಕಿ. ಆ ಇಮೇಲಿನ ಪಾಸ್‌ವರ್ಡ್ ನನಗೆ ನೆನಪಿಲ್ಲ. ಅದಕ್ಕೆ ಜೋಡಿಸಿದ್ದ ಸಿಮ್ ಡ್ರಾಯರಿನ ತಳದಲ್ಲೆಲ್ಲೋ ಇತ್ತು. ಎರಡು ದಿನ ಹುಡುಕಿದೆ. ಮೇಡಂ ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ಕಷ್ಟವಾಯಿತು.

ಅವತ್ತಿನಿಂದ ನಾನು ಶಾಲೆಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿಸುತ್ತೇನೆ. ರಿಕವರಿ ಕೀಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಹೆಚ್‌ಎಂ ಬೀರುವಿನಲ್ಲಿ, ಚೆಕ್ ಬುಕ್ ಇಡುವ ಜಾಗದಲ್ಲಿ ಇಡಿಸುತ್ತೇನೆ. ಹೆಚ್‌ಎಂ ವರ್ಗ ಆದಾಗ ಚಾರ್ಜ್ ಪಟ್ಟಿಯಲ್ಲಿ ಅದೂ ಸೇರಬೇಕು. ಇಲಾಖೆಯಿಂದಲೇ ಹೀಗೊಂದು ಸೂಚನೆ ಹೊರಟರೆ ತುಂಬಾ ಒಳ್ಳೇದು.

ಇನ್ನು ಸಣ್ಣಪುಟ್ಟ ಎಚ್ಚರಿಕೆ. ಅಪ್‌ಗ್ರೇಡ್ ಮಾಡುವ ದಿನ ಯುಪಿಎಸ್ ಬ್ಯಾಟರಿ ಜೀವಂತ ಇರಲಿ. ಅರ್ಧಕ್ಕೆ ಕರೆಂಟ್ ಹೋದರೆ ಮಧ್ಯಾಹ್ನದ ಊಟ ಮರೆತುಬಿಡಿ. ಪ್ರತಿ ಯಂತ್ರಕ್ಕೂ ಡೌನ್‌ಲೋಡ್ ಮಾಡಬೇಡಿ. ಮೈಕ್ರೋಸಾಫ್ಟ್ ಸೈಟಿನಿಂದ ಒಂದೇ ಸಲ ಇಳಿಸಿ, 8 ಜಿಬಿ ಪೆನ್‌ಡ್ರೈವಿಗೆ ಹಾಕಿದರೆ ಊರಿಗೆಲ್ಲ ಸಾಕು. ಡಿಜಿಟಲ್ ಸಹಿಯ ಡಾಂಗಲ್, ಹಳೇ ಪ್ರಿಂಟರ್ ಇದ್ದರೆ ಅವುಗಳ ಡ್ರೈವರ್ ಸಿಗುತ್ತದಾ ಅಂತ ಮೊದಲೇ ನೋಡಿ. ವಿಂಡೋಸ್ 11ರಲ್ಲಿ 32 ಬಿಟ್ ಅನ್ನುವುದೇ ಇಲ್ಲ. ಹಳೇ ಕಾಲದ 32 ಬಿಟ್ ಡ್ರೈವರ್ ಅಲ್ಲಿ ಏರುವುದಿಲ್ಲ. ವಿಂಡೋಸ್ 7ರಿಂದ ನೇರ ಬರುವವರಿಗೆ ಇನ್ನೊಂದು ಮಾತು: ತುಂಗಾ ಅನ್ನುವ ಕನ್ನಡ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಹೊಸದರಲ್ಲಿ ತೆರೆದರೆ ಸಾಲು ಹೆಚ್ಚುಕಮ್ಮಿಯಾಗಿ ಪುಟ ದಾಟಬಹುದು. ಗಾಬರಿ ಬೇಡ. ತುಂಗಾ ಈಗ ಆಪ್ಷನಲ್ ಫೀಚರ್ಸ್ ಒಳಗೆ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅನ್ನುವ ಹೆಸರಿನಲ್ಲಿ ಕೂತಿದೆ. ಅಲ್ಲಿಂದ ಹಾಕಿಕೊಳ್ಳಿ.

ಗೆರೆಯಿಂದ ಆಚೆ ಉಳಿದ ಐದು, ಆಫೀಸಿನಿಂದ ಬಂದ ಒಂದು, ಒಟ್ಟು ಆರು. ಅವಕ್ಕೆ ಏನು ಮಾಡಿದೆವು? ಮೂರಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂರಿಸಿದೆ. ಮೊದಲು ಆನ್ ಮಾಡಿ ನೀರು ಕುಡಿದು ಬರಬೇಕಿತ್ತು. ಈಗ ಕುರ್ಚಿ ಎಳೆಯುವಷ್ಟರಲ್ಲಿ ರೆಡಿ. ಲಿನಕ್ಸ್ ಅಂದ ತಕ್ಷಣ ಮೇಷ್ಟ್ರುಗಳು ಹೆದರುತ್ತಾರೆ. ಗುಂಡ್ಲುಪೇಟೆ ದಾಟಿ ವಯನಾಡಿಗೆ ಹೋಗಿ ನೋಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಅದೇ ನಡೆಯುತ್ತಿದೆ. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಲಿನಕ್ಸಿನದೇ ಒಂದು ರೂಪವಾದ ಉಬುಂಟುವನ್ನೇ ಶಾಲೆಗೆ ತಕ್ಕ ಹಾಗೆ ತಿದ್ದಿ ಕೊಡುತ್ತದೆ. ನಮ್ಮ ಮಕ್ಕಳೇನು ದಡ್ಡರಾ? ಚಿತ್ರ ಬರೆಯುವ ಟಕ್ಸ್ ಪೇಂಟ್, ಆಟದಲ್ಲೇ ಪಾಠ ಕಲಿಸುವ ಜಿಕಾಂಪ್ರಿ, ಪತ್ರ-ಲೆಕ್ಕಕ್ಕೆ ಲಿಬ್ರೆ ಆಫೀಸ್ ಎಲ್ಲ ಪುಕ್ಕಟೆ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಕಗಪ ಕೀಲಿಮಣೆ ಅಲ್ಲೂ ಇದೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಕೂತ ಬೆರಳು ಮತ್ತೆ ಕಲಿಯಬೇಕಾಗಿಲ್ಲ.

ಒಂದು ನಿಜವಾದ ತೊಂದರೆ ಇದೆ, ಹೇಳಿಬಿಡುತ್ತೇನೆ. ಹಳೇ ನುಡಿ ಫೈಲ್‌ಗಳು ಯೂನಿಕೋಡ್, ಅಂದರೆ ಎಲ್ಲ ಯಂತ್ರಕ್ಕೂ ಅರ್ಥವಾಗುವ ಅಕ್ಷರ ಪದ್ಧತಿ, ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಎಲ್ಲ ಸೇರಿದ ಚಿತ್ರಾನ್ನ ಕಾಣುತ್ತದೆ. ಫಾಂಟ್ ಹಾಕಿದರೆ ಸದ್ಯಕ್ಕೆ ಸರಿಹೋಗುತ್ತದೆ. ಆದರೆ ಹಳೇ ಟಿಸಿ, ಸುತ್ತೋಲೆ, ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡಿಗೆ ತಿರುಗಿಸಿ ಇಟ್ಟುಕೊಳ್ಳುವುದು ವಾಸಿ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಆ ಕೆಲಸ ಮಾಡಲೇಬೇಕು.

ಉಳಿದ ಮೂರನ್ನು ವಿಂಡೋಸ್ 10ರಲ್ಲೇ ಬಿಟ್ಟಿದ್ದೇನೆ, ಇಂಟರ್ನೆಟ್ ಕೊಟ್ಟಿಲ್ಲ. ಮಕ್ಕಳು ಹೊರಗಿನ ಪೆನ್‌ಡ್ರೈವ್ ಹಾಕದಂತೆ ಹೇಳಿದ್ದೇನೆ. ಪೆನ್‌ಡ್ರೈವಿನಿಂದ ಹರಡುವ ಶಾರ್ಟ್‌ಕಟ್ ವೈರಸ್ ಗೊತ್ತಲ್ಲ, ಅದು ಇಂಟರ್ನೆಟ್ಟನ್ನು ಕಾಯುವುದಿಲ್ಲ. ಈ ಮೂರರ ವಿಷಯದಲ್ಲಿ ನನ್ನ ಕೈ ಕಟ್ಟಿದೆ. ಅದಕ್ಕೇ ಈಗ ಉಪ ನಿರ್ದೇಶಕರನ್ನು ಕೇಳುತ್ತಿದ್ದೇನೆ.

ಮಾನ್ಯರೇ, ವಿಂಡೋಸ್ 10ಕ್ಕೆ ದುಡ್ಡು ಕೊಟ್ಟು ತೇಪೆ ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟೇ ಇಟ್ಟಿದೆ. ಹೆಸರು ಇಎಸ್‌ಯು. ವ್ಯಾಪಾರ ಸಂಸ್ಥೆಗಳಿಗೆ ಯಂತ್ರ ಒಂದಕ್ಕೆ ಮೊದಲ ವರ್ಷ 61 ಡಾಲರ್. ಅದೇ ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಮೂರು ವರ್ಷಕ್ಕೆ ಸೇರಿ 7 ಡಾಲರ್. ಅಂದರೆ 2028ರ ಅಕ್ಟೋಬರ್‌ವರೆಗೆ ಉಸಿರು. ಆದರೆ ಇದು ಸಂಸ್ಥೆಗಳು ಒಟ್ಟಾಗಿ ಲೈಸೆನ್ಸ್ ಕೊಳ್ಳುವ ದಾರಿಯಲ್ಲಿ ಸಿಗುವಂಥದ್ದು. ಹಳ್ಳಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಕಬ್ಬಿನ ಗದ್ದೆಯಿಂದ ಎದ್ದು ಬಂದು ಮಾಡಿಸುವ ಕೆಲಸ ಅಲ್ಲ. ಇಲಾಖೆ ಜಿಲ್ಲೆಗೇ ಒಟ್ಟಾಗಿ ಕೇಳಬೇಕು, ಅಥವಾ ಬೆಂಗಳೂರಿಗೆ ಬರೆದು ಕೇಳಿಸಬೇಕು.

ಎರಡನೇ ಬೇಡಿಕೆ. ಯಾವ ಶಾಲೆಯಿಂದ ಹೊಸ ಕಂಪ್ಯೂಟರ್ ಬೇಡಿಕೆ ಬಂದರೂ, ಯಂತ್ರವಾರು ಪಟ್ಟಿ ಇಲ್ಲದೆ ಒಪ್ಪಬೇಡಿ. ಪ್ರೊಸೆಸರ್ ಯಾವುದು, ಬಯಾಸಿನಲ್ಲಿ ಟಿಪಿಎಂ ಆನ್ ಮಾಡಿ ನೋಡಿದ್ದಾರಾ, ರ‍್ಯಾಮ್ ಎಷ್ಟು, ಸೆಲ್ ಬದಲಾಯಿಸಿದ್ದಾರಾ. ಒಂದು ಹಾಳೆ ಸಾಕು. ಬಿಚ್ಚದೆ ಬರೆದ ಕೊಟೇಶನ್ ಯಾವುದು ಅಂತ ನಿಮಗೇ ಗೊತ್ತಾಗಿಬಿಡುತ್ತದೆ. ನಮ್ಮ ಕಸುಬಿನವರು ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ.

ಇನ್ನೊಂದು, ಗುಜರಿ ವಿಷಯ. ಹಳೇ ಯಂತ್ರವನ್ನು ತೂಕಕ್ಕೆ ಹಾಕುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಳ್ಳಿ. ಅದರೊಳಗೆ ಮಕ್ಕಳ ಆಧಾರ್ ಪ್ರತಿ ಇರುತ್ತದೆ. ಇ-ತ್ಯಾಜ್ಯಕ್ಕೆ 2022ರ ನಿಯಮಗಳೇ ಇವೆ. ನೋಂದಾಯಿತ ರೀಸೈಕ್ಲರಿಗೆ ಕೊಡಬೇಕು, ತಳ್ಳುಗಾಡಿಗೆ ಅಲ್ಲ.

ಮನೆಯಲ್ಲಿ ವಿಂಡೋಸ್ 10 ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಮೇಷ್ಟ್ರುಗಳು ಅಂಗಡಿಗೆ ಬಂದು ಕೇಳುತ್ತಿರುತ್ತಾರೆ. ನಿಮ್ಮ ದಾರಿ ಬೇರೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಮನೆ ಬಳಕೆಯ ಇಎಸ್‌ಯುಗೆ ಹೆಸರು ನೋಂದಾಯಿಸಬಹುದು. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡಿಲ್ಲ, ಬೇಡ ಅಂದರೆ 30 ಡಾಲರ್. 2026ರ ಅಕ್ಟೋಬರ್ 13ರವರೆಗೆ ನಡೆಯುತ್ತದೆ. ಅಷ್ಟರಲ್ಲಿ ನಿಧಾನವಾಗಿ ಯೋಚನೆ ಮಾಡಿ. ಸುಮ್ನೆ ಹಬ್ಬದ ಆಫರ್ ನೋಡಿ ಲ್ಯಾಪ್‌ಟಾಪ್ ತಗೋಬೇಡಿ.

ಮದ್ದೂರಿನ ಆ ಶಾಲೆಯ ಲೆಕ್ಕ ಇಷ್ಟು: ಎಸ್‌ಎಸ್‌ಡಿ, ಸೆಲ್, ಒಂದೆರಡು ರ‍್ಯಾಮ್ ಎಲ್ಲ ಸೇರಿ ಕೊಟೇಶನ್ನಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಮಿಕ್ಕ ಚಂದಾ ದುಡ್ಡಿನಲ್ಲಿ ಮೊದಲು ಆ ಚಿಲಕ ಹಾಕಿಸಿ ಅಂತ ಅಧ್ಯಕ್ಷರಿಗೆ ಹೇಳಿದ್ದೇನೆ.

ಬೇರೆ ಶಾಲೆಯವರಿಗೆ ಪಟ್ಟಿ ಮಾಡಲು ಆಳು ಬೇಕಾದರೆ ಶನಿವಾರ ಮಧ್ಯಾಹ್ನ ನಾನು ಬಿಡುವಾಗಿರುತ್ತೇನೆ. ನೋಡಿ ಬರೆದುಕೊಡುವುದಕ್ಕೆ ದುಡ್ಡು ಬೇಡ, ಬಸ್ ಚಾರ್ಜ್ ಕೊಟ್ಟರೆ ಸಾಕು. ಬರುವ ಮುಂಚೆ ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿ ಇಟ್ಟಿರಿ. ಹೋದ ಸಲ ಅದನ್ನು ಹುಡುಕುವುದರಲ್ಲೇ ಒಂದೂವರೆ ಗಂಟೆ ಹೋಯಿತು.

ಇಂತಿ ನಿಮ್ಮ,
ಗುತ್ತಲು ರಸ್ತೆಯ ಕಂಪ್ಯೂಟರ್ ಮೆಕ್ಯಾನಿಕ್,
ಮಂಡ್ಯ